ಕರೆಂಟ್ ಪೆಟ್ಟಿಗೆಯ ಡಾಕ್ಟರ್ ಡುಶೆನ್ ಮತ್ತು ಹೆಸರಿಲ್ಲದ ಆ ಮುದುಕ

ಮಂಡಿನೋವು, ಸೊಂಟನೋವು, ಕುತ್ತಿಗೆ ಹಿಡಿದುಕೊಂಡಿದೆ ಅಂತ ಫಿಸಿಯೋಥೆರಪಿಗೆ ಹೋದವರಿಗೆಲ್ಲ ಈ ದೃಶ್ಯ ಗೊತ್ತು. ಮಂಚದ ಮೇಲೆ ಮಲಗಿಸಿ, ಜೆಲ್ ಹಚ್ಚಿದ ಪ್ಯಾಡ್‌ಗಳನ್ನು ಅಂಟಿಸಿ, ಪಕ್ಕದಲ್ಲಿರುವ ಸಣ್ಣ ಮಷಿನ್ನಿನ ಗುಂಡಿ ತಿರುಗಿಸುತ್ತಾರೆ. ಮೊದಲು ಇರುವೆ ಹರಿದಂತೆ ಜುಮ್ ಅನ್ನುತ್ತೆ. ಇನ್ನೂ ಸ್ವಲ್ಪ ತಿರುಗಿಸಿದರೆ ನಮ್ಮ ಅಪ್ಪಣೆಯೇ ಇಲ್ಲದೆ ಸ್ನಾಯು ತಾನಾಗಿ ಎಗರುತ್ತೆ. ಜಾಸ್ತಿ ಆಯ್ತಾ ಹೇಳಿ ಅಂತಾರೆ. ನಮ್ಮೂರುಗಳಲ್ಲಿ ಇದಕ್ಕೆ ಕರೆಂಟ್ ಇಡಿಸಿಕೊಳ್ಳೋದು ಅಂತ ಹೆಸರು.

ಆ ಪ್ಯಾಡನ್ನು ಯಾಕೆ ಸರಿಯಾಗಿ ಆ ಜಾಗಕ್ಕೇ ಅಂಟಿಸುತ್ತಾರೆ? ಚರ್ಮವನ್ನು ಯಾಕೆ ಒದ್ದೆ ಮಾಡುತ್ತಾರೆ? ಈ ಎರಡು ಸಣ್ಣ ಪ್ರಶ್ನೆಗಳ ಜಾಡು ಹಿಡಿದು ಹೋದರೆ ನಾವು ತಲುಪೋದು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿಗೆ. ಅಲ್ಲಿ ಒಂದು ಮರದ ಪೆಟ್ಟಿಗೆ ಹಿಡಿದು ಬಡವರ ಆಸ್ಪತ್ರೆಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಅಲೆಯುತ್ತಿದ್ದ ಒಬ್ಬ ಡಾಕ್ಟರ್ ಸಿಗುತ್ತಾರೆ. ಹೆಸರು ಗಿಯೋಮ್ ಡುಶೆನ್. ಮಕ್ಕಳ ಸ್ನಾಯುಗಳು ಕ್ರಮೇಣ ಸೋಲುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಅನ್ನೋ ಕಾಯಿಲೆಯ ಹೆಸರಲ್ಲಿರುವ ಡುಶೆನ್ ಇವರೇ. ಕಣ್ಣಂಚಿನಲ್ಲಿ ಸುಕ್ಕು ಬರುವ ನಿಜವಾದ ನಗುವಿಗೆ ಡುಶೆನ್ ನಗು ಅಂತ ಮನಶ್ಶಾಸ್ತ್ರಜ್ಞರು ಇಟ್ಟ ಹೆಸರಿನ ಹಿಂದಿರೋದೂ ಇವರೇ.

ಹುಟ್ಟಿದ್ದು 1806ರ ಸೆಪ್ಟೆಂಬರ್‌ನಲ್ಲಿ, ಉತ್ತರ ಫ್ರಾನ್ಸಿನ ಕಡಲ ತೀರದ ಬೂಲೋನ್ ಎಂಬ ಬಂದರು ಊರಿನಲ್ಲಿ. ಮನೆತನವೇ ಸಮುದ್ರದ್ದು. ಅಪ್ಪ ಹಡಗಿನ ಕಪ್ತಾನ, ನೆಪೋಲಿಯನ್ ಕಾಲದ ಕಡಲ ಯುದ್ಧಗಳನ್ನು ಕಂಡವರು. ಮಗನೂ ಹಡಗು ಹತ್ತಲಿ ಅಂತ ಮನೆಯವರ ಆಸೆ. ಹುಡುಗ ಹಟ ಹಿಡಿದು ವೈದ್ಯ ಓದಲು ಪ್ಯಾರಿಸ್ಸಿಗೆ ಹೋದ. ಸ್ಟೆತಸ್ಕೋಪ್ ಕಂಡುಹಿಡಿದ ಲೇನೆಕ್, ಹೆಸರಾಂತ ಸರ್ಜನ್ ದ್ಯುಪ್ಯುಟ್ರೆನ್ ಮುಂತಾದವರ ಪಾಠ ಕೇಳಿದ. 1831ರಲ್ಲಿ ಸುಟ್ಟಗಾಯಗಳ ಬಗ್ಗೆ ಪ್ರಬಂಧ ಬರೆದು ಡಾಕ್ಟರ್ ಆದ. ತೀರಾ ಹೇಳಿಕೊಳ್ಳುವಂಥ ವಿದ್ಯಾರ್ಥಿಯೇನಲ್ಲ. ದೊಡ್ಡ ಊರಿನಲ್ಲಿ ಬೆನ್ನು ತಟ್ಟುವವರೂ ಇರಲಿಲ್ಲ. ಊರಿಗೆ ವಾಪಸ್ ಬಂದು ಬೆಸ್ತರಿಗೆ, ನಾವಿಕರಿಗೆ ಔಷಧಿ ಕೊಡುತ್ತಾ ಕೂತ.

ಅದೇ 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ತಂತಿಯ ಸುರುಳಿಯ ಬಳಿ ಅಯಸ್ಕಾಂತ ಆಡಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ ತೋರಿಸಿದ್ದರು. ಈ ಇಬ್ಬರಿಗೂ ಆಗ ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಡುಶೆನ್ ಮುಂದೆ ಬದುಕಿಡೀ ಹೊತ್ತು ತಿರುಗಿದ ಪೆಟ್ಟಿಗೆಯೊಳಗೆ ಇದ್ದದ್ದು ಫ್ಯಾರಡೆಯ ಆ ತತ್ವವೇ.

ಊರಿನ ದಿನಗಳು ಅವರನ್ನು ಮುರಿದು ಹಾಕಿದವು. 1831ರಲ್ಲೇ ಮದುವೆ. ಎರಡು ವರ್ಷಕ್ಕೆ ಹೆಂಡತಿ ಗಂಡುಮಗುವನ್ನು ಹೆತ್ತು ಬಾಣಂತಿ ಜ್ವರದಿಂದ ತೀರಿಹೋದರು. ಹೆರಿಗೆ ಮಾಡಿಸಿದ್ದು ಡುಶೆನ್ನರೇ. ಬಾಣಂತಿ ಜ್ವರವನ್ನು ಡಾಕ್ಟರುಗಳ ಕೈಗಳೇ ಹರಡುತ್ತವೆ ಅಂತ ವಿಯೆನ್ನಾದಲ್ಲಿ ಜೆಮ್ಮಲ್‌ವೈಸ್ ಹೇಳೋದಕ್ಕೆ ಇನ್ನೂ ಹದಿನಾಲ್ಕು ವರ್ಷ ಬಾಕಿ ಇತ್ತು. ಊರಿಗೆ ಅದೆಲ್ಲ ಬೇಕಿರಲಿಲ್ಲ, ಗಂಡನೇ ಕೊಂದ ಅನ್ನೋ ಗುಸುಗುಸು ಶುರುವಾಯಿತು. ಅದನ್ನು ಊದಿದವರಲ್ಲಿ ಅತ್ತೆಯೂ ಒಬ್ಬರು. ಮಗು ಎಮಿಲ್‌ನನ್ನು ಆಕೆ ತನ್ನ ಮನೆಗೆ ಒಯ್ದರು. ಅಪ್ಪ ಮಗನ ನಡುವೆ ಹತ್ತಿರ ಹತ್ತಿರ ಮೂವತ್ತು ವರ್ಷ ಸಂಬಂಧವೇ ಇರಲಿಲ್ಲ. ಮುಂದೆ ಮಾಡಿಕೊಂಡ ಎರಡನೇ ಮದುವೆಯೂ ನಿಲ್ಲಲಿಲ್ಲ.

ಈ ಕತ್ತಲಲ್ಲಿ, 1835ರ ಆಸುಪಾಸಿನಲ್ಲಿ, ಅವರು ಕೈಗೆತ್ತಿಕೊಂಡದ್ದು ಎಲೆಕ್ಟ್ರೋಪಂಕ್ಚರ್. ಮೈಯೊಳಗೆ ಸೂಜಿ ಚುಚ್ಚಿ, ಆ ಸೂಜಿಯ ಮೂಲಕ ಕರೆಂಟ್ ಹಾಯಿಸೋದು. ಸಾರ್ಲಾಂದಿಯೆರ್ ಎಂಬ ಫ್ರೆಂಚ್ ವೈದ್ಯ ಹತ್ತು ವರ್ಷ ಮೊದಲು ಇದನ್ನು ಸಂಧಿವಾತ, ನರನೋವುಗಳಿಗೆ ಪ್ರಚಾರ ಮಾಡಿದ್ದರು. ಕರೆಂಟಿನಿಂದ ಕಾಯಿಲೆ ವಾಸಿ ಮಾಡುತ್ತೇವೆ ಅನ್ನೋದು ಆಗಲೇ ಹಳೆಯ ಮಾತಾಗಿತ್ತು. ಹದಿನೆಂಟನೇ ಶತಮಾನದ ಮಧ್ಯದಿಂದಲೂ ಯುರೋಪಿನಲ್ಲಿ ಲಕ್ವ ಹೊಡೆದವರಿಗೆ ಕಿಡಿ ಹಾರಿಸುವ ಯಂತ್ರಗಳಿಂದ ಶಾಕ್ ಕೊಡುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಕೂಡ ಕೊಟ್ಟು ನೋಡಿ, ಮೊದಮೊದಲು ಚೇತರಿಕೆ ಕಂಡಂತಾದರೂ ಅದು ಉಳಿಯಲಿಲ್ಲ ಅಂತ ಪ್ರಾಮಾಣಿಕವಾಗಿ ಬರೆದಿದ್ದರು. ಅಷ್ಟು ಪ್ರಾಮಾಣಿಕರು ಕಡಿಮೆ ಇದ್ದರು. ಜಾತ್ರೆಯಲ್ಲೂ ಕರೆಂಟ್ ಮಾರುತ್ತಿದ್ದರು, ಅರಮನೆಯಲ್ಲೂ ಮಾರುತ್ತಿದ್ದರು.

ಡುಶೆನ್ ಮಾಡಿದ ಶೋಧ ಕೇಳಲಿಕ್ಕೆ ತೀರಾ ಸರಳ. ಸೂಜಿ ಚುಚ್ಚಿದಾಗ ಸ್ನಾಯು ಎಗರುತ್ತಿತ್ತು, ಆದರೆ ಚುಚ್ಚಿದ ಜಾಗ ನೋಯುತ್ತಿತ್ತು, ಬಾಯುತ್ತಿತ್ತು. ಸೂಜಿ ಬಿಟ್ಟು ಚರ್ಮದ ಮೇಲೇ ತುದಿಗಳನ್ನು ಇಟ್ಟರೆ ಹೇಗೆ? ಚರ್ಮವೂ ತುದಿಯೂ ಒಣಗಿದ್ದರೆ ಕರೆಂಟ್ ಚರ್ಮದಲ್ಲೇ ನಿಂತು ಚುರುಗುಟ್ಟುತ್ತದೆ. ಎರಡನ್ನೂ ಒದ್ದೆ ಮಾಡಿದರೆ ಅದು ಚರ್ಮ ದಾಟಿ ಕೆಳಗಿನ ಸ್ನಾಯುವಿಗೆ ಇಳಿಯುತ್ತದೆ. ನೋವೂ ಕಡಿಮೆ, ಗಾಯವಂತೂ ಇಲ್ಲ. ಒದ್ದೆ ಸ್ಪಂಜು ಕಟ್ಟಿದ ಎರಡು ತುದಿಗಳನ್ನು ಹತ್ತಿರ ಹತ್ತಿರ ಇಟ್ಟರೆ ಪಕ್ಕದ್ದನ್ನು ಕದಲಿಸದೆ ಒಂದೇ ಒಂದು ಸ್ನಾಯುವನ್ನು ಕುಣಿಸಬಹುದು. ಇವತ್ತಿನ ಜೆಲ್ ಪ್ಯಾಡಿನ ಅಜ್ಜ ಆ ಒದ್ದೆ ಸ್ಪಂಜು.

1842ರಲ್ಲಿ ಡುಶೆನ್ ಊರು ಬಿಟ್ಟರು. ವಯಸ್ಸು ಮೂವತ್ತಾರು. ಪ್ಯಾರಿಸ್ಸಿನಲ್ಲಿ ಯಾವ ಆಸ್ಪತ್ರೆಯಲ್ಲೂ ಹುದ್ದೆಯಿಲ್ಲ, ವಿಶ್ವವಿದ್ಯಾಲಯದಲ್ಲಿ ಕುರ್ಚಿಯಿಲ್ಲ, ಹಿಂದೆ ನಿಲ್ಲುವ ದೊಡ್ಡವರೂ ಇಲ್ಲ. ಮಾತಾಡಲಿಕ್ಕೆ ನಿಂತರೆ ತಡವರಿಸುವ ಸ್ವಭಾವ, ಜೊತೆಗೆ ಕರಾವಳಿಯ ಹಳ್ಳಿಗಾಡಿನ ಉಚ್ಚಾರ. ಬೆಳಗ್ಗೆ ಪೆಟ್ಟಿಗೆ ಹಿಡಿದು ಹೊರಟರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ನಡಿಗೆ. ಅಲ್ಲಿನ ಡಾಕ್ಟರ್ ಒಪ್ಪಿದರೆ ವಾರ್ಡಿನೊಳಗೆ ಹೋಗಿ ಲಕ್ವದ ರೋಗಿಗಳನ್ನು ಹುಡುಕೋದು. ಕಿರಿಯ ಡಾಕ್ಟರುಗಳು ಹಿಂದಿನಿಂದ ನಗುತ್ತಿದ್ದರು. ಕೆಲವು ಕಡೆ ಬಾಗಿಲಲ್ಲೇ ತಡೆದದ್ದೂ ಉಂಟು. ಇವರು ಮತ್ತೆ ಮಾರನೆಯ ದಿನ ಹಾಜರ್.

ರೋಗಿಯ ಬೆನ್ನು ಬಿಡದಿರೋದು ಅವರ ಇನ್ನೊಂದು ಹುಚ್ಚು. ಒಬ್ಬ ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಿದರೆ ಅಲ್ಲಿಗೂ ಹೋಗಿ ನೋಡುತ್ತಿದ್ದರು, ವರ್ಷಗಟ್ಟಲೆ. ಹುದ್ದೆಯಲ್ಲಿದ್ದ ಡಾಕ್ಟರುಗಳಿಗೆ ತಮ್ಮ ವಾರ್ಡೇ ಲೋಕ. ಹೊರಗಿನವನಾದ ಡುಶೆನ್ನರಿಗೆ ಇಡೀ ಪ್ಯಾರಿಸ್ಸೇ ವಾರ್ಡು. ಕಾಯಿಲೆಯೊಂದು ಆರಂಭದಲ್ಲಿ ಹೇಗಿರುತ್ತೆ, ಐದು ವರ್ಷದ ನಂತರ ಹೇಗಾಗುತ್ತೆ ಅಂತ ಅವರಿಗೆ ಗೊತ್ತಾದದ್ದು ಈ ತಿರುಗಾಟದಿಂದಲೇ.

1847ರಲ್ಲಿ ವಿಜ್ಞಾನ ಅಕಾಡೆಮಿಗೆ ಮೊದಲ ವರದಿ ಕೊಟ್ಟರು. ಮರುವರ್ಷ ಪ್ಯಾರಿಸ್ಸಿನ ಬೀದಿಗಳಲ್ಲಿ ಬ್ಯಾರಿಕೇಡ್ ಎದ್ದವು, ದೊರೆ ಓಡಿಹೋದ, ಗಣರಾಜ್ಯ ಬಂತು. ಮೂರು ವರ್ಷಕ್ಕೆ ಲೂಯಿ ನೆಪೋಲಿಯನ್ ಕ್ಷಿಪ್ರಕ್ರಾಂತಿ ಮಾಡಿ ಅದನ್ನೂ ಮುಗಿಸಿದ. ಈ ಗದ್ದಲದ ನಡುವೆಯೇ ಡುಶೆನ್ ಬರೆದದ್ದು ಒಂಬೈನೂರು ಪುಟ ದಾಟುವ ಗ್ರಂಥ, ನಿರ್ದಿಷ್ಟ ಜಾಗಕ್ಕೆ ಕರೆಂಟ್ ಕೊಡುವ ವಿಧಾನದ ಕುರಿತು. ಅದು 1855ರಲ್ಲಿ ಅಚ್ಚಾಯಿತು.

ಆ ಪುಸ್ತಕದ ನಿಜವಾದ ಶಕ್ತಿ ಚಿಕಿತ್ಸೆಯ ಭರವಸೆಗಳಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. ಅದಿರೋದು ಪರೀಕ್ಷೆಯಲ್ಲಿ. ಒಬ್ಬನ ಕೈ ಬಿದ್ದುಹೋಗಿದೆ ಅಂದುಕೊಳ್ಳಿ. ಕಾರಣ ಮೆದುಳಿನಲ್ಲಿದ್ದರೆ, ಕೈಯ ಸ್ನಾಯುವಿಗೆ ಕರೆಂಟ್ ಕೊಟ್ಟಾಗ ಅದು ಎಗರುತ್ತೆ. ಅಪ್ಪಣೆ ಕೊಡುವ ಜಾಗ ಕೆಟ್ಟಿದೆ, ಸ್ನಾಯು ಇನ್ನೂ ಜೀವಂತ. ಸೀಸದ ವಿಷದಿಂದ ಕೈ ಬಿದ್ದ ಬಣ್ಣದ ಕಾರ್ಮಿಕನ ಸ್ನಾಯು ಹಾಗಲ್ಲ, ಕರೆಂಟಿಗೂ ಓಗೊಡೋದಿಲ್ಲ. ನರವೇ ಕತ್ತರಿಸಿಹೋದಾಗಲೂ ಅಷ್ಟೇ. ಮುಖಕ್ಕೆ ಲಕ್ವ ಹೊಡೆದಾಗ ಕೆಟ್ಟಿರೋದು ಮೆದುಳೋ ಮುಖದ ನರವೋ ಅಂತ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಹೀಗೆ ಹೇಳುತ್ತಿದ್ದರು. ಪೋಲಿಯೋ ಹೊಡೆದ ಮಗುವಿನ ಕಾಲಿನಲ್ಲಿ ಯಾವ ಸ್ನಾಯು ಒಂದಿಷ್ಟಾದರೂ ಮಿಡುಕುತ್ತದೋ ಅದರ ಮೇಲೆ ಆಸೆ ಇಟ್ಟುಕೊಳ್ಳಬಹುದು, ಸುಮ್ಮನಿರುವುದರ ಮೇಲೆ ಕಷ್ಟ. ಅಂದರೆ ಕರೆಂಟ್ ಇಲ್ಲಿ ಔಷಧಿಗಿಂತ ಮೊದಲು ಒಂದು ಪ್ರಶ್ನೆ. ಸ್ನಾಯುವನ್ನು ತಟ್ಟಿ, ಇದ್ದೀಯಾ ಅಂತ ಕೇಳೋದು. ಇವತ್ತು ನರರೋಗ ವಿಭಾಗದಲ್ಲಿ ನಡೆಯುವ ನರ–ಸ್ನಾಯು ಪರೀಕ್ಷೆಗಳ ಹಿಂದೆ ಇರೋದು ಇದೇ ಯೋಚನೆ.

ನೋವಿಗೂ ಅವರು ಕರೆಂಟ್ ಕೊಟ್ಟರು. ಅದರ ವಿಧಾನ ಕೇಳಿದರೆ ಮೈ ಜುಮ್ಮೆನ್ನುತ್ತೆ. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಒಣಗಿದ ಚರ್ಮದ ಮೇಲೆ ಲೋಹದ ತಂತಿಯ ಬ್ರಶ್ಶಿನಿಂದ ಬಲವಾದ ಕರೆಂಟ್ ಸವರೋದು. ಬೇಕಂತಲೇ ಚುರುಕಾದ ಇನ್ನೊಂದು ನೋವು ಎಬ್ಬಿಸಿ ಹಳೆಯ ನೋವನ್ನು ಹಿಂದೆ ಸರಿಸೋದು. ನಮ್ಮ ಹಳ್ಳಿಗಳಲ್ಲಿ ಬರೆ ಹಾಕುತ್ತಿದ್ದ ತರ್ಕ ಇದಕ್ಕಿಂತ ತುಂಬಾ ದೂರದ್ದಲ್ಲ, ಆದರೆ ಇದರಲ್ಲಿ ಸುಟ್ಟ ಗಾಯ ಆಗುತ್ತಿರಲಿಲ್ಲ. ಯಾಕೆ ಕೆಲಸ ಮಾಡುತ್ತೆ ಅಂತ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಗೇಟ್ ಇದೆ, ಮುಟ್ಟುವಿಕೆಯಂಥ ಬೇರೆ ಸಂವೇದನೆಗಳು ಬಂದರೆ ಆ ಗೇಟ್ ಸ್ವಲ್ಪ ಮುಚ್ಚಿಕೊಳ್ಳುತ್ತೆ ಅನ್ನೋ ಸಿದ್ಧಾಂತ ಮಂಡಿಸಿದರು. ಪೆಟ್ಟಾದ ಮಂಡಿಯನ್ನು ಉಜ್ಜಿಕೊಂಡರೆ ಹಾಯೆನಿಸೋದು ಇದಕ್ಕೇ. ಕ್ಲಿನಿಕ್ಕುಗಳಲ್ಲಿ ನೋವಿಗೆ ಇಡುವ ಟೆನ್ಸ್ ಮಷಿನ್ ಹುಟ್ಟಿದ್ದು ಈ ಸಿದ್ಧಾಂತದ ಬೆನ್ನಿಗೆ.

ಡುಶೆನ್ನರಿಗೆ ಬರ್ಲಿನ್ನಿನಲ್ಲಿ ಒಬ್ಬ ಜಗಳಗಂಟ ಪ್ರತಿಸ್ಪರ್ಧಿ ಇದ್ದರು, ರಾಬರ್ಟ್ ರೆಮಾಕ್. ಸ್ನಾಯುವಿನ ಕೆಲವು ನಿರ್ದಿಷ್ಟ ಬಿಂದುಗಳಲ್ಲಿ ಇಟ್ಟಾಗಲೇ ಕರೆಂಟ್ ಚೆನ್ನಾಗಿ ಹಿಡಿಯುತ್ತೆ ಅಂತ ಡುಶೆನ್ ಕಂಡುಕೊಂಡಿದ್ದರು. ಆ ಬಿಂದುಗಳು ನರ ಸ್ನಾಯುವಿನೊಳಗೆ ಹೊಕ್ಕುವ ಜಾಗಗಳು ಅಂತ ವಿವರಿಸಿದ್ದು ರೆಮಾಕ್. ಬಿಟ್ಟುಬಿಟ್ಟು ಬರುವ ಫ್ಯಾರಡೆ ಕರೆಂಟ್ ಒಳ್ಳೇದೋ ಬ್ಯಾಟರಿಯಿಂದ ಸತತವಾಗಿ ಹರಿಯುವ ಕರೆಂಟ್ ಒಳ್ಳೇದೋ ಅಂತ ಇಬ್ಬರೂ ಕಿತ್ತಾಡಿದರು. ರೆಮಾಕ್ ಯಹೂದಿ. ಮತಾಂತರ ಆಗಲ್ಲ ಅಂತ ನಿಂತದ್ದಕ್ಕೆ ಪ್ರಷ್ಯಾದಲ್ಲಿ ಅವರಿಗೆ ಪೂರ್ಣ ಪ್ರೊಫೆಸರ್ ಹುದ್ದೆ ಸಿಗಲೇ ಇಲ್ಲ. ತಮ್ಮ ತಮ್ಮ ದೇಶದಲ್ಲಿ ಬಾಗಿಲ ಹೊರಗೆ ನಿಂತವರಿಬ್ಬರು ಪರಸ್ಪರ ಕಚ್ಚಾಡಿದ್ದು ನೋಡಿದರೆ ಬೇಸರವಾಗುತ್ತೆ. ಮುಂದೆ ಜರ್ಮನಿಯ ಜೀಮ್ಸನ್ ಆ ಬಿಂದುಗಳ ಪೂರ್ತಿ ನಕ್ಷೆ ಮಾಡಿದರು. ಹೇಗೆ ಅಂದರೆ, ಸಾವಿನಂಚಿನಲ್ಲಿದ್ದ ರೋಗಿಗಳ ಚರ್ಮದ ಮೇಲೆ ಕರೆಂಟ್ ಹಿಡಿದ ಜಾಗಗಳನ್ನು ಗುರುತು ಹಾಕಿ, ಅವರು ಸತ್ತ ಮೇಲೆ ಕೊಯ್ದು ನರ ಅಲ್ಲೇ ಇದೆಯಾ ಅಂತ ನೋಡಿ. ಇವತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳು ಮೋಟಾರ್ ಪಾಯಿಂಟ್ ಚಾರ್ಟ್ ಅಂತ ಬಾಯಿಪಾಠ ಮಾಡುವ ಚಿತ್ರದ ಬೇರು ಇಲ್ಲಿದೆ.

ಈ ಮೈಗಳೆಲ್ಲ ಯಾರವು? ಉಳ್ಳವರು ಕಾಯಿಲೆ ಬಿದ್ದರೆ ಡಾಕ್ಟರ್ ಮನೆಗೇ ಬರುತ್ತಿದ್ದ. ಆಸ್ಪತ್ರೆ ಸೇರುತ್ತಿದ್ದವರು ಬಡವರು. ಡುಶೆನ್ ಹೆಚ್ಚು ಕಾಲ ಕಳೆದ ಸಾಲ್‌ಪೆತ್ರಿಯೇರ್ ಒಂದು ಕಾಲದ ಮದ್ದುಗುಂಡಿನ ಕಾರ್ಖಾನೆ. ಆಮೇಲೆ ಅದನ್ನು ಬಡ, ವೃದ್ಧ, ಬುದ್ಧಿಭ್ರಮಣೆಯಾದ ಹೆಂಗಸರನ್ನು ತುಂಬುವ ಜಾಗ ಮಾಡಿದರು. ಸಾವಿರಾರು ಹೆಂಗಸರು ಅಲ್ಲೇ ಬದುಕಿ ಅಲ್ಲೇ ಸಾಯುತ್ತಿದ್ದರು. 1862ರಲ್ಲಿ ಅಲ್ಲಿಗೆ ಬಂದ ಶಾರ್ಕೊ ಎಂಬ ಯುವ ಡಾಕ್ಟರ್ ಡುಶೆನ್ನರನ್ನು ಗುರು ಅಂತಲೇ ಕಂಡರು, ವಾರ್ಡುಗಳನ್ನು ತೆರೆದುಕೊಟ್ಟರು. ನರರೋಗಶಾಸ್ತ್ರ ಅನ್ನೋ ಶಾಖೆ ಹುಟ್ಟಿ ಬೆಳೆದದ್ದು ಈ ಗೋಡೆಗಳ ಒಳಗೆ. ಆಗ ರೋಗಿಯ ಒಪ್ಪಿಗೆ ಪತ್ರ ಅನ್ನೋ ಕಲ್ಪನೆಯೇ ಇರಲಿಲ್ಲ. ಉಚಿತವಾಗಿ ಹಾಸಿಗೆ ಸಿಕ್ಕಿದೆ, ಮೈಯನ್ನು ವಿಜ್ಞಾನಕ್ಕೆ ಕೊಡು ಅನ್ನೋದು ಹೇಳದೇ ನಡೆಯುತ್ತಿದ್ದ ಲೆಕ್ಕಾಚಾರ. ಡುಶೆನ್ ಕ್ರೂರಿಯಾಗಿರಲಿಲ್ಲ. ರೋಗಿಗಳ ಜೊತೆ ಮೃದುವಾಗಿದ್ದರು, ನಡೆಯಲಾಗದವರಿಗೆ ಸ್ಪ್ರಿಂಗ್ ಹಾಕಿದ ಆಧಾರ ಪಟ್ಟಿಗಳನ್ನು ತಾವೇ ಯೋಚಿಸಿ ಮಾಡಿಸಿಕೊಟ್ಟರು. ಆದರೂ ಲೆಕ್ಕಾಚಾರ ಅದೇ.

ಅದು ಕಣ್ಣಿಗೆ ರಾಚುವುದು 1862ರಲ್ಲಿ ಬಂದ ಅವರ ಅತಿ ಪ್ರಸಿದ್ಧ ಪುಸ್ತಕದಲ್ಲಿ. ಮನುಷ್ಯನ ಮುಖದ ಪ್ರತಿ ಭಾವಕ್ಕೂ ಯಾವ ಸ್ನಾಯು ಕಾರಣ ಅಂತ ತೋರಿಸುವ, ಎಂಬತ್ತಕ್ಕೂ ಹೆಚ್ಚು ಫೋಟೋಗಳ ಪುಸ್ತಕ ಅದು. ಭಯ, ಕೋಪ, ಅಳು, ನಗು. ಫೋಟೋ ತೆಗೆಯಲು ಆಗ ಕೆಲವು ಸೆಕೆಂಡು ಬೇಕಿತ್ತು, ಭಾವ ಅಷ್ಟು ಹೊತ್ತು ಮುಖದಲ್ಲಿ ನಿಲ್ಲೋದಿಲ್ಲ. ಕರೆಂಟ್ ಕೊಟ್ಟು ಸ್ನಾಯುವನ್ನು ಹಿಡಿದಿಟ್ಟರೆ ನಿಲ್ಲುತ್ತದೆ. ಹಲವು ಫೋಟೋಗಳಿಗೆ ಆದ್ರಿಯಾಂ ತೂರ್ನಾಶೋನ್ ಕೈಜೋಡಿಸಿದರು. ಇವರು ಪ್ಯಾರಿಸ್ಸಿನ ಹೆಸರಾಂತ ಫೋಟೋಗ್ರಾಫರ್ ನದಾರ್ ಅವರ ತಮ್ಮ.

ಅತಿ ಹೆಚ್ಚು ಫೋಟೋಗಳಲ್ಲಿ ಇರುವವನು ಒಬ್ಬ ಬೊಚ್ಚುಬಾಯಿಯ ಮುದುಕ. ಕಾಯಿಲೆಯಿಂದ ಅವನ ಮುಖದ ಸ್ಪರ್ಶಜ್ಞಾನ ಹೋಗಿತ್ತು, ಕರೆಂಟಿನ ಚುರುಕು ಅವನಿಗೆ ತಾಗುತ್ತಿರಲಿಲ್ಲ. ಅದಕ್ಕೇ ಅವನನ್ನು ಆರಿಸಿದ್ದು. ಅವನ ಮೇಲೆ ಪ್ರಯೋಗ ಮಾಡೋದು ಸ್ನಾಯುಗಳಿನ್ನೂ ಜೀವಂತ ಇರುವ ಹೆಣದ ಮೇಲೆ ಮಾಡಿದಷ್ಟೇ ಸಲೀಸು ಎಂಬರ್ಥದ ಮಾತನ್ನು ಡುಶೆನ್ ಯಾವ ಅಳುಕೂ ಇಲ್ಲದೆ ಬರೆದಿದ್ದಾರೆ. ಕಣ್ಣು ಬಹುತೇಕ ಕಾಣದ ಒಬ್ಬ ಹೆಂಗಸೂ ಇದ್ದಾಳೆ. ಅವಳಿಗೆ ವೇಷ ಹಾಕಿಸಿ, ಷೇಕ್ಸ್‌ಪಿಯರ್ ನಾಟಕದ ಲೇಡಿ ಮ್ಯಾಕ್‌ಬೆತ್ ಆಗಿ ನಿಲ್ಲಿಸಿ, ಕ್ರೌರ್ಯ ಎಷ್ಟು ಬೇಕೋ ಅಷ್ಟು ಬರುವಂತೆ ಮೂಗಿನ ಬುಡದ ಸ್ನಾಯುವಿಗೆ ಕರೆಂಟ್ ಏರಿಸುತ್ತಾ ಹೋದರು. ವಿಜ್ಞಾನ ಅಂತ ಶುರುವಾದದ್ದು ಅಲ್ಲಿಗೆ ಬರುವ ಹೊತ್ತಿಗೆ ಬೊಂಬೆಯಾಟ ಆಗಿಬಿಟ್ಟಿತ್ತು.

ಹಾಗಂತ ಆ ಪುಸ್ತಕದಲ್ಲಿ ಹುರುಳಿಲ್ಲ ಅನ್ನೋ ಹಾಗಿಲ್ಲ. ಕೆನ್ನೆಯ ಸ್ನಾಯುವನ್ನು ಎಳೆದರೆ ತುಟಿ ನಗುತ್ತೆ, ಆದರೆ ನೋಡಿದವರಿಗೆ ಅದು ಸುಳ್ಳು ನಗು ಅಂತ ಗೊತ್ತಾಗುತ್ತೆ. ಕಣ್ಣಿನ ಸುತ್ತ ಇರುವ ಸ್ನಾಯು ಜೊತೆಗೂಡಿದರೆ ಮಾತ್ರ ಅದು ಖುಷಿಯ ನಗು, ಆ ಸ್ನಾಯು ನಮ್ಮ ಇಚ್ಛೆಗೆ ಸುಲಭಕ್ಕೆ ಬಗ್ಗೋದಿಲ್ಲ. ಇದು ಡುಶೆನ್ ಕಂಡದ್ದು. ನಮ್ಮ ನಾಯಕರ ಪೋಸ್ಟರುಗಳನ್ನು ನೋಡುವಾಗ ಇದನ್ನು ನೆನೆಸಿಕೊಂಡರೆ ಒಳ್ಳೆಯ ಟೈಂಪಾಸ್.

ಅದೇ 1862ರಲ್ಲಿ ಮಗ ಎಮಿಲ್ ಪ್ಯಾರಿಸ್ಸಿಗೆ ಬಂದ. ಅವನೂ ವೈದ್ಯನಾಗಿ, ಮಕ್ಕಳ ಪಾರ್ಶ್ವವಾಯುವಿನ ಬಗ್ಗೆ ಅಪ್ಪನ ಜೊತೆ ಕೆಲಸ ಮಾಡಿದ. ಕಳೆದುಹೋದ ಮಗ ಸಿಕ್ಕ ಆ ಎಂಟೊಂಬತ್ತು ವರ್ಷಗಳೇ ಡುಶೆನ್ ಬದುಕಿನ ಹಿತವಾದ ಕಾಲ.

1868ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೇ ಇವತ್ತು ಅವರ ಹೆಸರನ್ನು ಉಳಿಸಿರೋದು. ನಡೆಯಲು ಕಲಿತ ಗಂಡುಮಗು ಪದೇ ಪದೇ ಬೀಳುತ್ತೆ. ಮೀನಖಂಡ ದಪ್ಪಗಾಗಿ ಪೈಲ್ವಾನನ ಹಾಗೆ ಕಾಣುತ್ತೆ, ಆದರೆ ಶಕ್ತಿ ಇಲ್ಲ. ನೆಲದಿಂದ ಏಳಬೇಕಾದರೆ ತನ್ನ ತೊಡೆಯನ್ನೇ ಕೈಯಿಂದ ಹತ್ತಿ ಏಳುತ್ತೆ. ಶಾಲೆಯ ವಯಸ್ಸು ಮುಗಿಯೋದರೊಳಗೆ ನಡಿಗೆ ನಿಲ್ಲುತ್ತೆ. ಇಂಥ ಹದಿಮೂರು ರೋಗಿಗಳ ವಿವರಗಳನ್ನು ಅವರು ಕೊಟ್ಟರು. ಏಳು ವರ್ಷ ಮೊದಲು ಇದೇ ಕಾಯಿಲೆಗೆ ಮೆದುಳು ಕಾರಣ ಅಂತ ಬರೆದಿದ್ದವರು, ತಾವೇ ಮಾಡಿಸಿದ ಸಣ್ಣ ಕೊಕ್ಕೆಸೂಜಿಯಿಂದ ಬದುಕಿರುವ ಮಗುವಿನ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ದೋಷ ಸ್ನಾಯುವಿನಲ್ಲೇ ಇದೆ ಅಂತ ತಿದ್ದಿಕೊಂಡರು. ಇವತ್ತಿನ ಬಯಾಪ್ಸಿಯ ಆರಂಭದ ಉದಾಹರಣೆಗಳಲ್ಲಿ ಅದೂ ಒಂದು. ನ್ಯಾಯವಾಗಿ ನೋಡಿದರೆ ಲಂಡನ್ನಿನ ಎಡ್ವರ್ಡ್ ಮೆರಿಯನ್ ಹದಿನೈದು ವರ್ಷಕ್ಕೂ ಮೊದಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಹೆಸರು ನಿಂತದ್ದು ಡುಶೆನ್ನರದು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ ಇಪ್ಪತ್ತೊಂದು ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಸೇರಿದೆ. ಸರ್ಟಿಫಿಕೇಟಿಗಾಗಿ ಕಚೇರಿ ಅಲೆಯುವ ಕರ್ನಾಟಕದ ತಾಯಂದಿರಿಗೆ ಈ ಹೆಸರು ಉಚ್ಚರಿಸಲು ಬರುತ್ತೆ.

ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ, 1870–71ರ ಪ್ಯಾರಿಸ್ ಮುತ್ತಿಗೆಯ ಹೊತ್ತಿಗೆ ಎಮಿಲ್ ವಿಷಮಶೀತ ಜ್ವರ ಬಂದು ತೀರಿಹೋದ. ಆಮೇಲೆ ಡುಶೆನ್ ಚೇತರಿಸಿಕೊಳ್ಳಲೇ ಇಲ್ಲ. 1875ರ ಸೆಪ್ಟೆಂಬರ್‌ನಲ್ಲಿ, ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣ ಬಿಟ್ಟರು. ಅಷ್ಟು ಹೊತ್ತಿಗೆ ಯುರೋಪಿಗೆಲ್ಲ ಹೆಸರು ಗೊತ್ತಿತ್ತು. ಪ್ಯಾರಿಸ್ಸಿನ ಒಂದು ಆಸ್ಪತ್ರೆ ಹುದ್ದೆಯೂ ಕೊನೆವರೆಗೂ ಸಿಗಲಿಲ್ಲ.

ಅವರ ಪೆಟ್ಟಿಗೆ ಮಾತ್ರ ಅವರ ಜೊತೆ ಸಾಯಲಿಲ್ಲ. ನಲವತ್ತು ವರ್ಷ ಕಳೆದು ಮೊದಲ ಮಹಾಯುದ್ಧದ ಕಂದಕಗಳಿಂದ ಸೈನಿಕರು ನಡುಗುತ್ತಾ, ಮಾತು ಬಿದ್ದು, ಬೆನ್ನು ಬಗ್ಗಿಸಿಕೊಂಡು ವಾಪಸ್ ಬರತೊಡಗಿದರು. ಮೈಯಲ್ಲಿ ಗಾಯವಿಲ್ಲ. ಸೈನ್ಯಕ್ಕೆ ಬೇಕಿದ್ದದ್ದು ಅವರು ಬೇಗ ಮತ್ತೆ ಗುಂಡಿನ ಸಾಲಿಗೆ ಹೋಗೋದು. ಜರ್ಮನಿಯಲ್ಲಿ ಕೌಫ್‌ಮನ್ ಎಂಬ ಡಾಕ್ಟರ್ ಒಂದೇ ಕೂತಲ್ಲಿ ವಾಸಿ ಮಾಡುತ್ತೇನೆ ಅಂತ ಬಲವಾದ ಶಾಕ್ ಮತ್ತು ಮಿಲಿಟರಿ ಆಜ್ಞೆಗಳನ್ನು ಬೆರೆಸಿದ ಚಿಕಿತ್ಸೆ ಶುರು ಮಾಡಿದರು. ಆ ಚಿಕಿತ್ಸೆಯಲ್ಲಿ ಸತ್ತವರೂ ಇದ್ದರು. ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಕ್ಲೋವಿಸ್ ವ್ಯಾಂಸಾಂ ಅದೇ ಕೆಲಸ ಮಾಡುತ್ತಿದ್ದರು, ಸೈನಿಕರು ಅದಕ್ಕೆ ಟಾರ್ಪಿಡೋ ಹೊಡೆಸೋದು ಅಂತಿದ್ದರು. 1916ರ ಮೇ ತಿಂಗಳಲ್ಲಿ ಬ್ಯಾಪ್ಟಿಸ್ಟ್ ದೆಶಾಂ ಎಂಬ ಸೈನಿಕ, ನನಗಿದು ಬೇಡ ಅಂದ. ಡಾಕ್ಟರ್ ತಂತಿ ಹಿಡಿದು ಮುಂದೆ ಬಂದಾಗ ಮುಖಕ್ಕೆ ಗುದ್ದಿದ. ಮಿಲಿಟರಿ ಕೋರ್ಟಿನಲ್ಲಿ ಕೇಸಾಯಿತು. ಚಿಕಿತ್ಸೆ ಬೇಡ ಅನ್ನೋ ಹಕ್ಕು ಸೈನಿಕನಿಗೆ ಇದೆಯಾ ಅಂತ ಪತ್ರಿಕೆಗಳು ವಾರಗಟ್ಟಲೆ ಚರ್ಚೆ ಮಾಡಿದವು. ಮೇಲಧಿಕಾರಿಯನ್ನು ಹೊಡೆದರೆ ಯುದ್ಧಕಾಲದಲ್ಲಿ ಗಲ್ಲೂ ಆಗಬಹುದಿತ್ತು. ದೆಶಾಂಗೆ ಸಿಕ್ಕಿದ್ದು ಆರು ತಿಂಗಳ ಶಿಕ್ಷೆ, ಅದನ್ನೂ ಅಮಾನತಿನಲ್ಲಿಟ್ಟರು. ಒಬ್ಬ ಸಾಮಾನ್ಯ ಸಿಪಾಯಿಯ ಆ ಗುದ್ದು ರೋಗಿಯ ಹಕ್ಕಿನ ಚರಿತ್ರೆಯಲ್ಲಿ ಎಷ್ಟು ದೊಡ್ಡದು ಅಂತ ನಮ್ಮ ಪಠ್ಯಗಳಲ್ಲಿ ಯಾರೂ ಹೇಳಿಕೊಡೋದಿಲ್ಲ.

ಹಾಗಾದರೆ ಇವತ್ತಿನ ಕರೆಂಟ್ ಚಿಕಿತ್ಸೆ? ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಹೆದರಬೇಕಾಗಿಲ್ಲ. ಪಾರ್ಶ್ವವಾಯು ಹೊಡೆದು ಪಾದ ಎತ್ತಲಾಗದವರಿಗೆ, ನಡೆಯುವ ಪ್ರತಿ ಹೆಜ್ಜೆಗೂ ಸರಿಯಾದ ಹೊತ್ತಿಗೆ ನರಕ್ಕೆ ಮಿಡಿತ ಕೊಟ್ಟು ಪಾದ ಎತ್ತಿಸುವ ಸಾಧನ ನಿಜಕ್ಕೂ ಉಪಕಾರಿ. ಮಂಡಿ ಆಪರೇಷನ್ ಆಗಿ ತೊಡೆ ಸೊರಗಿದಾಗ ವ್ಯಾಯಾಮದ ಜೊತೆಗೆ ಕರೆಂಟ್ ಕೊಟ್ಟರೆ ನೆರವಾಗುತ್ತೆ. ಸೊಂಟನೋವಿನ ವಿಷಯದಲ್ಲಿ ಕಥೆ ಬೇರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲಿ, ಸೊಂಟನೋವಿಗೆ ಟೆನ್ಸ್ ಆಗಲಿ ಐಎಫ್‌ಟಿ ಆಗಲಿ ಕೊಡಬೇಡಿ, ವ್ಯಾಯಾಮ ಮಾಡಿಸಿ ಅಂತ ಹೇಳಿತು. ನಮ್ಮಲ್ಲಿ ಅದೇ ಸೊಂಟನೋವಿಗೆ ಹತ್ತು ದಿನದ ಕರೆಂಟ್ ಪ್ಯಾಕೇಜ್ ಮಾರೋದು ಮಾಮೂಲು. ದಿನಗೂಲಿ ಬಿಟ್ಟು ಬಂದ ಹೆಂಗಸು ಹದಿನೈದು ನಿಮಿಷ ಪ್ಯಾಡ್ ಇಡಿಸಿಕೊಂಡು ದುಡ್ಡು ಕೊಟ್ಟು ಹೋಗುತ್ತಾಳೆ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಕೂತು ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟುಗಳೇ ಇದರ ಬಗ್ಗೆ ಗೊಣಗುತ್ತಾರೆ. ಇದನ್ನು ಯಾಕೆ ಇಡುತ್ತಿದ್ದೀರಿ, ಇದರಿಂದ ಏನು ತಿಳಿಯುತ್ತೆ, ಇನ್ನೆಷ್ಟು ದಿನ ಅಂತ ಮಂಚದ ಮೇಲಿದ್ದವರು ಕೇಳಬಹುದು. ಡುಶೆನ್ನರ ವಾರ್ಡಿನಲ್ಲಿ ಆ ಮಾತಿಗೆ ಜಾಗ ಇರಲಿಲ್ಲ.

ಮುದುಕನ ಕಥೆ ಇನ್ನೂ ಸ್ವಲ್ಪ ಇದೆ. ಡುಶೆನ್ನರ ಫೋಟೋಗಳನ್ನು ಚಾರ್ಲ್ಸ್ ಡಾರ್ವಿನ್ ತರಿಸಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ಜನಕ್ಕೆ ತೋರಿಸಿ, ಈ ಮುಖದಲ್ಲಿ ಯಾವ ಭಾವ ಕಾಣುತ್ತೆ ಅಂತ ಕೇಳಿ ಬರೆದುಕೊಂಡರು. ಮನುಷ್ಯ ಮತ್ತು ಪ್ರಾಣಿಗಳ ಭಾವಗಳ ಬಗ್ಗೆ 1872ರಲ್ಲಿ ಅವರು ತಂದ ಪುಸ್ತಕದಲ್ಲಿ ಅವುಗಳಲ್ಲಿ ಕೆಲವನ್ನು ಬಳಸಿಕೊಂಡರು. ಭಯದಿಂದ ಬಾಯಿ ತೆರೆದ ಮುದುಕನ ಚಿತ್ರವನ್ನು ಅಚ್ಚಿಗಾಗಿ ಮರದಲ್ಲಿ ಕೆತ್ತಿಸಿದಾಗ, ಮೂಲ ಫೋಟೋದಲ್ಲಿ ಕತ್ತಿನ ಬಳಿ ಇದ್ದ ಕರೆಂಟಿನ ತುದಿಗಳನ್ನೂ ಅವನ್ನು ಹಿಡಿದಿದ್ದ ಕೈಗಳನ್ನೂ ಅಳಿಸಿಬಿಟ್ಟರು. ಉಳಿದದ್ದು ಭಯಪಟ್ಟಂತೆ ಕಾಣುವ ಒಂದು ಮುಖ. ಇವತ್ತಿಗೂ ಅದು ಮನಶ್ಶಾಸ್ತ್ರದ ಪುಸ್ತಕಗಳಲ್ಲಿ, ಆರ್ಟ್ ಗ್ಯಾಲರಿಗಳಲ್ಲಿ, ಇಂಟರ್ನೆಟ್ಟಿನ ಮೀಮ್‌ಗಳಲ್ಲಿ ತಿರುಗುತ್ತಲೇ ಇದೆ. ಅವನ ಮುಖದ ಒಂದೊಂದು ಸ್ನಾಯುವಿಗೂ ಡುಶೆನ್ ತಮ್ಮ ಪುಸ್ತಕದಲ್ಲಿ ಅದರ ಭಾವದ ಹೆಸರು ಕೊಟ್ಟಿದ್ದಾರೆ. ಅವನ ಹೆಸರನ್ನು ಬರೆದಿಲ್ಲ.